ಗುಂಡಿಗೆ ಹೆದರಿ ಆನೆ ದಂತ ಬಿಟ್ಟಿತೇ? ಗೊರೊಂಗೋಸಾ ಆನೆಗಳ ಬಗ್ಗೆ ಚರ್ಚೆ

ಹುಣಸೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡ್ ಸುತ್ತುತ್ತಿದೆ. ಆಫ್ರಿಕಾದ ಆನೆಗಳು ಬೇಟೆಗಾರರ ಕಾಟ ತಾಳಲಾರದೆ ದಂತ ಬೆಳೆಸುವುದನ್ನೇ ಬಿಟ್ಟುಬಿಟ್ಟವಂತೆ, ಎಷ್ಟು ಬುದ್ಧಿ ನೋಡಿ ಅಂತ. ನನ್ನ ಹತ್ತನೇ ತರಗತಿ ಮಕ್ಕಳು ಅದನ್ನೇ ಹಿಡಿದುಕೊಂಡು ಬಂದರು. ಆನೆ ಮನಸ್ಸು ಮಾಡಿದರೆ ಹಲ್ಲು ಬರುವುದು ನಿಲ್ಲುತ್ತಾ ಸರ್ ಅಂತ ಒಬ್ಬಳು ಕೇಳಿದಳು.

ನಿಲ್ಲುವುದಿಲ್ಲ ಅಂದೆ. ಆದರೆ ಅಷ್ಟಕ್ಕೇ ಬಿಟ್ಟರೆ ಸಾಲದು. ಈ ಸುದ್ದಿಯ ಹಿಂದೆ ನಿಜವಾದ ಅಧ್ಯಯನ ಒಂದಿದೆ, ಮೊಜಾಂಬಿಕ್ ದೇಶದ ಗೊರೊಂಗೋಸಾ ರಾಷ್ಟ್ರೀಯ ಉದ್ಯಾನದ್ದು. ನೈಸರ್ಗಿಕ ಆಯ್ಕೆಯ ಪಾಠಕ್ಕೆ ಜಿರಾಫೆಯ ಕತ್ತಿಗಿಂತ ಇದು ಎಷ್ಟೋ ಒಳ್ಳೆಯ ಉದಾಹರಣೆ. ನಮ್ಮ ಮಕ್ಕಳು ನಾಗರಹೊಳೆ ಪಕ್ಕದವರು, ರಾತ್ರಿ ಗದ್ದೆಗೆ ಆನೆ ಇಳಿಯುವುದನ್ನು ನೋಡಿ ಬೆಳೆದವರು. ತಿಳಿದವರು ಸ್ವಲ್ಪ ಬಿಡಿಸಿ ಹೇಳಿದರೆ ಸೋಮವಾರದ ಪಾಠಕ್ಕೆ ತುಂಬಾ ಉಪಯೋಗ. ನಮ್ಮ ಕಡೆಯ ಆನೆಗಳಲ್ಲೂ ಹೀಗೆ ಆಗಿದೆಯಾ ಅನ್ನುವುದು ಇನ್ನೊಂದು ಪ್ರಶ್ನೆ.

ಕಾಡುಮಲ್ಲಿಗೆ

ಮೇಷ್ಟ್ರೇ, ಒಳ್ಳೆಯ ವಿಷಯ ಎತ್ತಿದಿರಿ. ನಾನು ಪ್ರಾಣಿಶಾಸ್ತ್ರ ಓದಿದವಳು, ಈ ಅಧ್ಯಯನ 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದಾಗಿನಿಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಶೇನ್ ಕ್ಯಾಂಪ್‌ಬೆಲ್-ಸ್ಟಾಟನ್, ರಾಬರ್ಟ್ ಪ್ರಿಂಗಲ್ ಮತ್ತು ಜೊತೆಯವರು ಮಾಡಿದ್ದು. ಆನೆಗಳ ನಡವಳಿಕೆಯನ್ನು ದಶಕಗಳಿಂದ ನೋಡುತ್ತಾ ಬಂದ ಜಾಯ್ಸ್ ಪೂಲ್ ಕೂಡ ಆ ತಂಡದಲ್ಲಿದ್ದರು.

ಮೊಜಾಂಬಿಕ್‌ನಲ್ಲಿ 1977ರಿಂದ 1992ರವರೆಗೆ ಅಂತರ್ಯುದ್ಧ ನಡೆಯಿತು. ಗೊರೊಂಗೋಸಾ ಕಾಡು ಅದರ ನಟ್ಟನಡುವೆ ಸಿಕ್ಕಿಕೊಂಡಿತು. ಎರಡೂ ಕಡೆಯವರು ಆನೆ ಹೊಡೆದರು. ಮಾಂಸ ಸೈನಿಕರ ಹೊಟ್ಟೆಗೆ, ದಂತ ಮಾರಿದ ದುಡ್ಡು ಶಸ್ತ್ರಾಸ್ತ್ರಕ್ಕೆ. ಯುದ್ಧಕ್ಕೆ ಮೊದಲು ಸುಮಾರು 2,500 ಆನೆ ಇದ್ದ ಜಾಗದಲ್ಲಿ 2000ನೇ ಇಸವಿ ಹೊತ್ತಿಗೆ 250 ಕೂಡ ಇರಲಿಲ್ಲ.

ಆಫ್ರಿಕಾದ ಆನೆಗಳಲ್ಲಿ ಗಂಡಿಗೂ ದಂತ, ಹೆಣ್ಣಿಗೂ ದಂತ. ಆದರೆ ಕೆಲವು ಹೆಣ್ಣುಗಳಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಯುದ್ಧಕ್ಕೆ ಮೊದಲಿನ ವಿಡಿಯೋ, ಫೋಟೋಗಳನ್ನು ಹುಡುಕಿ ಎಣಿಸಿದಾಗ ಗೊರೊಂಗೋಸಾದಲ್ಲಿ ಅಂಥವು ಶೇಕಡಾ 18.5 ಇದ್ದವು. ಯುದ್ಧ ದಾಟಿ ಬದುಕಿದ ಹೆಣ್ಣುಗಳಲ್ಲಿ ಶೇಕಡಾ 50.9.

ಮಕ್ಕಳಿಗೆ ಹೇಳಬೇಕಾದ ಮುಖ್ಯ ವಿಷಯ ಇಲ್ಲಿದೆ. ಈ ಹದಿನೈದು ವರ್ಷದಲ್ಲಿ ಯಾವ ಒಂದು ಆನೆಯೂ ಬದಲಾಗಲಿಲ್ಲ. ದಂತ ಇದ್ದದ್ದು ದಂತದೊಂದಿಗೇ ಬದುಕಿತು, ದಂತಕ್ಕಾಗಿಯೇ ಸತ್ತಿತು. ಇಲ್ಲದ್ದನ್ನು ಹೊಡೆದರೆ ಮಾರುವುದಕ್ಕೆ ಏನೂ ಸಿಗುವುದಿಲ್ಲ, ಹಾಗಾಗಿ ಅದರ ಕಡೆ ಗುರಿ ಕಡಿಮೆ. ಬದಲಾದದ್ದು ಹಿಂಡಿನ ಲೆಕ್ಕ. ಒಂದ್ರಿಯಲ್ಲಿ ಹಿಟ್ಟು ಹಾಕಿ ಆಡಿಸಿದರೆ ತರಿ ಮೇಲೆ ಉಳಿಯುತ್ತದಲ್ಲ, ಆ ತರಿಯನ್ನು ಒಂದ್ರಿ ಮಾಡಿದ್ದಲ್ಲ. ಅದು ಮೊದಲೇ ಹಿಟ್ಟಿನೊಳಗಿತ್ತು. ಪರಿಸರ ಮಾಡುವ ಕೆಲಸವೂ ಅಷ್ಟೇ, ನೈಸರ್ಗಿಕ ಆಯ್ಕೆ ಅಂದರೆ ಅದೇ. ಯಾರು ಉಳಿದು ಮರಿ ಹಾಕಬೇಕು ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ.

ಪರಿಸರ ಅಂದರೆ ಮಳೆ, ಬಿಸಿಲು, ಹುಲ್ಲು ಅಂತ ಮಾತ್ರ ನಾವು ಕಲಿಸುತ್ತೇವೆ. ಗೊರೊಂಗೋಸಾದಲ್ಲಿ ಬಂದೂಕೇ ಪರಿಸರದ ಎಲ್ಲಕ್ಕಿಂತ ದೊಡ್ಡ ಭಾಗವಾಗಿತ್ತು.

ತೀರ್ಥಹಳ್ಳಿ ಅಡಿಕೆ

ನನಗೆ ಒಂದು ಅನುಮಾನ. ವಿಕಾಸ ಅಂದರೆ ಲಕ್ಷಾಂತರ ವರ್ಷ ಅಂತ ಓದಿದ್ದೇವೆ. ಆನೆ ಹೊಟ್ಟೆಯಲ್ಲಿ ಮರಿ ಇಟ್ಟುಕೊಳ್ಳುವುದೇ 22 ತಿಂಗಳು. ಮೊದಲ ಮರಿ ಹಾಕುವ ಹೊತ್ತಿಗೆ ಹತ್ತು ಹನ್ನೆರಡು ವರ್ಷ ದಾಟಿರುತ್ತದೆ. ಹದಿನೈದು ವರ್ಷದ ಯುದ್ಧದಲ್ಲಿ ಒಂದು ತಲೆಮಾರೂ ಸರಿಯಾಗಿ ಮುಗಿಯುವುದಿಲ್ಲ. ಇದನ್ನು ವಿಕಾಸ ಅನ್ನಬಹುದಾ? ಸುಮ್ನೆ ಒಂದಷ್ಟು ಆನೆ ಸತ್ತವು, ಮಿಕ್ಕವು ಉಳಿದವು ಅಂತ ಹೇಳಿದರೆ ಆಗದಾ?

ಕಾಡುಮಲ್ಲಿಗೆ

ಸರಿಯಾದ ಪ್ರಶ್ನೆ. ಯುದ್ಧ ಮುಗಿದ ಕೂಡಲೇ ಲೆಕ್ಕ ನಿಲ್ಲಿಸಿದ್ದರೆ ನೀವು ಹೇಳಿದ ಹಾಗೆ ಅದು ಬರೀ ಆಯ್ಕೆ. ಉಳಿದವರ ಪಟ್ಟಿ ಅಷ್ಟೇ. ಆ ಗುಣ ಮರಿಗಳಿಗೆ ದಾಟಿದರೆ ಮಾತ್ರ ಅದು ವಿಕಾಸ.

ಅದಕ್ಕೇ ಅವರು ಯುದ್ಧ ಮುಗಿದ ಮೇಲೆ ಹುಟ್ಟಿದ ಹೆಣ್ಣುಗಳನ್ನು ಬೇರೆಯಾಗಿ ಎಣಿಸಿದರು. ಈ ಹೊಸ ಪೀಳಿಗೆ ಯುದ್ಧದ ಗುಂಡಿನ ಸದ್ದು ಕೇಳಿಲ್ಲ. ಆದರೂ ಅವುಗಳಲ್ಲಿ ಶೇಕಡಾ 33ಕ್ಕೆ ದಂತ ಇಲ್ಲ. ಮೊದಲಿದ್ದ 18.5ಕ್ಕೆ ಹೋಲಿಸಿ ನೋಡಿ. ತಾಯಂದಿರ ಕಾಲದ ಬೇಟೆ ಮಕ್ಕಳ ಬಾಯಲ್ಲಿ ಕಾಣುತ್ತಿದೆ.

ಇಷ್ಟು ಬೇಗ ಹೇಗೆ ಅಂದರೆ, ಹೊಸದಾಗಿ ಏನೂ ಹುಟ್ಟಬೇಕಾಗಿರಲಿಲ್ಲ. ದಂತ ಇಲ್ಲದಿರುವ ಗುಣ ಹಿಂಡಿನಲ್ಲಿ ಮೊದಲೇ ಇತ್ತು. ಲಕ್ಷಾಂತರ ವರ್ಷ ಬೇಕಾಗುವುದು ಒಂದು ಅಂಗ ಹೊಸದಾಗಿ ರೂಪುಗೊಳ್ಳುವುದಕ್ಕೆ. ಇರುವ ಎರಡು ಬಗೆಯಲ್ಲಿ ಒಂದು ಹೆಚ್ಚಿ ಇನ್ನೊಂದು ಕಡಿಮೆಯಾಗುವುದಕ್ಕೆ ಅಷ್ಟು ಕಾಲ ಬೇಡ, ಒತ್ತಡ ಜೋರಾಗಿದ್ದರೆ ಸಾಕು. ಇಲ್ಲಿ ಎಷ್ಟು ಜೋರಿತ್ತು ಗೊತ್ತಾ? ದಂತ ಇಲ್ಲದ ಹೆಣ್ಣು ಬದುಕಿ ಉಳಿಯುವ ಸಾಧ್ಯತೆ ದಂತ ಇರುವುದಕ್ಕಿಂತ ಸುಮಾರು ಐದು ಪಟ್ಟು ಜಾಸ್ತಿ.

ಗಲಾಪಗೋಸ್‌ನ ಡಾಫ್ನೆ ಮೇಜರ್ ದ್ವೀಪದಲ್ಲಿ 1977ರ ಬರಗಾಲದಲ್ಲೂ ಹೀಗೇ ಆಯಿತು. ಸಣ್ಣ, ಮೆದು ಬೀಜ ಖಾಲಿಯಾಗಿ ದೊಡ್ಡ ಗಟ್ಟಿ ಬೀಜ ಮಾತ್ರ ಉಳಿದಾಗ, ದಪ್ಪ ಕೊಕ್ಕಿನ ಫಿಂಚ್ ಹಕ್ಕಿಗಳು ಜಾಸ್ತಿ ಉಳಿದವು. ಮುಂದಿನ ಮರಿಗಳ ಕೊಕ್ಕೂ ಸರಾಸರಿಯಲ್ಲಿ ದಪ್ಪವಾಗಿತ್ತು. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ ಅದನ್ನು ಹಕ್ಕಿ ಹಿಡಿದು, ಅಳತೆ ಮಾಡಿ ತೋರಿಸಿದರು.

ಸಾಲಿಗ್ರಾಮ ಸರಸ್ವತಿ

ಅಕ್ಕ, ಎಲ್ಲ ಕಡೆ ಹೆಣ್ಣಾನೆ ಹೆಣ್ಣಾನೆ ಅನ್ನುತ್ತಿದ್ದೀರಿ. ಗಂಡುಗಳ ಕಥೆ ಏನು? ಗಂಡಾನೆಯ ದಂತ ಇನ್ನೂ ದೊಡ್ಡದು. ಬೇಟೆಗಾರ ಮೊದಲು ಅದನ್ನೇ ಹೊಡೆಯುತ್ತಾನೆ. ಹಾಗಿದ್ದರೆ ದಂತ ಇಲ್ಲದ ಗಂಡುಗಳೇ ಉಳಿಯಬೇಕಿತ್ತು ಅಲ್ವಾ?

ಕಾಡುಮಲ್ಲಿಗೆ

ಉಳಿಯುವುದಕ್ಕೆ ಅಂಥ ಗಂಡು ಅಲ್ಲಿ ಇರಲೇ ಇಲ್ಲ ಸರಸ್ವತಿ. ಗೊರೊಂಗೋಸಾದಲ್ಲಿ ದಂತ ಇಲ್ಲದ ಗಂಡಾನೆ ಒಂದೂ ಕಂಡಿಲ್ಲ. ಈ ಅಧ್ಯಯನದಲ್ಲಿ ನನ್ನನ್ನು ಎಲ್ಲಕ್ಕಿಂತ ಕಾಡಿದ ಭಾಗ ಇದೇ, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ಆನೆಯ ದಂತ ಕೋರೆಹಲ್ಲಲ್ಲ. ಅದು ಮೇಲಿನ ಬಾಚಿಹಲ್ಲು, ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಹೊರಗೆ ಕಾಣುವುದಲ್ಲದೆ ಸುಮಾರು ಮೂರನೇ ಒಂದು ಭಾಗ ತಲೆಬುರುಡೆಯ ಒಳಗೇ ಹೂತಿರುತ್ತದೆ.

ವಿಜ್ಞಾನಿಗಳು ದಂತ ಇರುವ, ಇಲ್ಲದ ಹೆಣ್ಣುಗಳ ರಕ್ತದಿಂದ ಡಿಎನ್‌ಎ ತೆಗೆದು ಹೋಲಿಸಿದರು. ಮುಖ್ಯವಾಗಿ ಎರಡು ಜೀನ್‌ಗಳ ಮೇಲೆ ಬೆರಳು ಬಿತ್ತು. ಅದರಲ್ಲಿ ಎಎಂಇಎಲ್‌ಎಕ್ಸ್ ಅನ್ನುವುದು ಹಲ್ಲಿನ ಹೊರಪದರ ರೂಪುಗೊಳ್ಳುವುದಕ್ಕೆ ಬೇಕಾದ ಜೀನ್. ಇದು ಎಕ್ಸ್ ಕ್ರೋಮೋಸೋಮ್ ಮೇಲೆ, ಅಂದರೆ ಮರಿ ಹೆಣ್ಣೋ ಗಂಡೋ ಅಂತ ತೀರ್ಮಾನಿಸುವ ವರ್ಣತಂತುವಿನ ಮೇಲೆ ಕೂತಿದೆ.

ಹೆಣ್ಣಿಗೆ ಎರಡು ಎಕ್ಸ್. ಒಂದರಲ್ಲಿ ಈ ಜೀನ್ ಇರುವ ಭಾಗದಲ್ಲಿ ಬದಲಾವಣೆ ಇದ್ದರೆ ದಂತ ಬರುವುದಿಲ್ಲ, ಇನ್ನೊಂದು ಎಕ್ಸ್ ಸರಿ ಇರುವುದರಿಂದ ಜೀವ ಉಳಿಯುತ್ತದೆ. ಗಂಡಿಗೆ ಇರುವುದೇ ಒಂದು ಎಕ್ಸ್. ಅದರಲ್ಲೇ ಬದಲಾವಣೆ ಬಂದರೆ ಆ ಮರಿ ಹುಟ್ಟುವ ಮೊದಲೇ ಸಾಯುತ್ತದೆ. ಎಎಂಇಎಲ್‌ಎಕ್ಸ್ ಪಕ್ಕದಲ್ಲಿ ಜೀವಕ್ಕೆ ಅಗತ್ಯವಾದ ಬೇರೆ ಜೀನ್‌ಗಳಿವೆ, ಅವಕ್ಕೂ ಪೆಟ್ಟು ಬೀಳುವುದರಿಂದ ಹೀಗಾಗುತ್ತಿರಬೇಕು ಅಂತ ಅವರ ವಿವರಣೆ. ಮನುಷ್ಯರಲ್ಲೂ ಇದೇ ಜಾಗದಲ್ಲಿ ತೊಂದರೆಯಾದರೆ ಹೆಣ್ಣಿಗೆ ಬಾಚಿಹಲ್ಲಿನ ದೋಷ, ಗಂಡು ಭ್ರೂಣ ಉಳಿಯುವುದಿಲ್ಲ.

ಹಾಗಾಗಿ ದಂತ ಇಲ್ಲದ ತಾಯಂದಿರ ಮರಿಗಳನ್ನು ಎಣಿಸಿದರೆ ಮೂರರಲ್ಲಿ ಎರಡು ಹೆಣ್ಣು. ಗಂಡುಗಳಲ್ಲಿ ಅರ್ಧ ಕಾಣೆ.

ಗುಂಡಿನಿಂದ ತಾಯಿಯನ್ನು ಉಳಿಸಿದ ಅದೇ ಗುಣ ಅವಳ ಗಂಡು ಮರಿಗಳಲ್ಲಿ ಅರ್ಧವನ್ನು ಹೊಟ್ಟೆಯಲ್ಲೇ ಕೊಲ್ಲುತ್ತದೆ. ಇದನ್ನು ಬುದ್ಧಿವಂತಿಕೆ ಅಂತ ಫಾರ್ವರ್ಡ್ ಮಾಡುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಯಾವ ತಾಯಿ ಇದನ್ನು ಆರಿಸಿಕೊಳ್ಳುತ್ತಾಳೆ? ಆಯ್ಕೆ ಅನ್ನುವ ಹೆಸರಿದ್ದರೂ ಇಲ್ಲಿ ಆರಿಸಿಕೊಂಡವರು ಯಾರೂ ಇಲ್ಲ.

ಸಾಲಿಗ್ರಾಮ ಸರಸ್ವತಿ

ಇದು ಗೊತ್ತೇ ಇರಲಿಲ್ಲ. ಓದಿ ಮನಸ್ಸು ಭಾರವಾಯಿತು.

ದಕ್ಷಿಣದ ದಾರಿ

ನಾನು ದಕ್ಷಿಣ ಆಫ್ರಿಕಾದಲ್ಲಿ ಕೆಲಸದಲ್ಲಿರುವ ಧಾರವಾಡದವನು. ಪೋರ್ಟ್ ಎಲಿಜಬೆತ್ ಹತ್ತಿರ ಅಡ್ಡೋ ಆನೆ ಉದ್ಯಾನ ಇದೆ. ಅಲ್ಲಿನ ಹೆಣ್ಣಾನೆಗಳನ್ನು ನೋಡಿದರೆ ಒಂದಕ್ಕೂ ದಂತ ಕಾಣುವುದಿಲ್ಲ ಅನ್ನುವಷ್ಟು. ಈ ಶತಮಾನದ ಶುರುವಿನ ಎಣಿಕೆಯಲ್ಲಿ ಶೇಕಡಾ 98ಕ್ಕೆ ಇರಲಿಲ್ಲ. ಗೊರೊಂಗೋಸಾಕ್ಕಿಂತ ಇದು ಎಷ್ಟೋ ದೊಡ್ಡ ಸಂಖ್ಯೆ, ಆದರೂ ಇದನ್ನು ನೈಸರ್ಗಿಕ ಆಯ್ಕೆಗೆ ಉದಾಹರಣೆ ಅಂತ ಪಾಠದಲ್ಲಿ ಹೇಳಬೇಡಿ ಮೇಷ್ಟ್ರೇ.

ಕಾರಣ ಹೇಳುತ್ತೇನೆ. 1919-20ರಲ್ಲಿ ಅಲ್ಲಿನ ರೈತರಿಗೆ ಆನೆ ಕಾಟ ಅಂತ ಸರ್ಕಾರವೇ ಪ್ರಿಟೋರಿಯಸ್ ಅನ್ನುವ ಬೇಟೆಗಾರನನ್ನು ನೇಮಿಸಿತು. ಆತ ನೂರಕ್ಕೂ ಹೆಚ್ಚು ಆನೆ ಹೊಡೆದ. ಅವನಿಗೆ ಬೇಕಾಗಿದ್ದದ್ದು ಆನೆಗಳ ಸಂಖ್ಯೆ ಇಳಿಸುವುದು, ದಂತ ಇದೆಯೋ ಇಲ್ಲವೋ ಅಂತ ನೋಡುವ ಕೆಲಸ ಅಲ್ಲ. 1931ರಲ್ಲಿ ಉದ್ಯಾನ ಶುರುವಾದಾಗ ಉಳಿದಿದ್ದದ್ದು 11 ಆನೆ. ಅವುಗಳಲ್ಲಿ ಹೆಣ್ಣುಗಳ ಪೈಕಿ ಅರ್ಧಕ್ಕೆ ಮೊದಲೇ ದಂತ ಇರಲಿಲ್ಲ. ಬೇಲಿಯೊಳಗೆ ಆ ಒಂದು ಕುಟುಂಬದಿಂದಲೇ ನೂರಾರು ಆನೆ ಆದವು, ದಶಕಗಟ್ಟಲೆ ಹೊರಗಿನಿಂದ ರಕ್ತ ಸೇರಲಿಲ್ಲ. ಬೇಟೆ ನಿಂತ ಮೇಲೂ ದಂತ ಇಲ್ಲದವುಗಳ ಪಾಲು ಏರುತ್ತಲೇ ಹೋಯಿತು. ಬೇಟೆಯೇ ಕಾರಣವಾಗಿದ್ದರೆ ಏರುವುದು ನಿಲ್ಲಬೇಕಿತ್ತು.

ಇದು ಬರೀ ಅದೃಷ್ಟದ ಆಟ. ಸಣ್ಣ ಗುಂಪಿನಲ್ಲಿ ಯಾವ ಗುಣ ಹೆಚ್ಚುತ್ತದೆ, ಯಾವುದು ಅಳಿಯುತ್ತದೆ ಅನ್ನುವುದು ಎಷ್ಟೋ ಸಲ ಉಪಯೋಗಕ್ಕೂ ಅಪಾಯಕ್ಕೂ ಸಂಬಂಧ ಇಲ್ಲದೆ ನಡೆದುಬಿಡುತ್ತದೆ. ಪ್ರಾಣಿಯಲ್ಲಿ ಒಂದು ಗುಣ ಕಂಡ ಕೂಡಲೇ ಅದು ಪರಿಸರಕ್ಕೆ ಹೊಂದಿಕೊಂಡದ್ದು ಅಂತ ಬರೆದುಬಿಡುವುದು ನಮ್ಮ ಪಠ್ಯಗಳ ದೊಡ್ಡ ದೋಷ ಅಂತ ನನ್ನ ಅಭಿಪ್ರಾಯ.

ತೀರ್ಥಹಳ್ಳಿ ಅಡಿಕೆ

ಹಾಗಾದರೆ ಗೊರೊಂಗೋಸಾದಲ್ಲೂ ಅದೃಷ್ಟವೇ ಇರಬಹುದಲ್ಲ? ಅಲ್ಲೂ ಸಂಖ್ಯೆ ಹತ್ತನೇ ಒಂದು ಭಾಗಕ್ಕೆ ಬಿದ್ದಿತ್ತು.

ದಕ್ಷಿಣದ ದಾರಿ

ಅದನ್ನೇ ಗೊರೊಂಗೋಸಾದ ಆ ವಿಜ್ಞಾನಿಗಳು ಪರೀಕ್ಷೆ ಮಾಡಿದರು. ದಂತ ಇದ್ದರೂ ಇಲ್ಲದಿದ್ದರೂ ಸಾಯುವ ಸಾಧ್ಯತೆ ಒಂದೇ ಅಂತ ಇಟ್ಟುಕೊಂಡು, ಅಷ್ಟೇ ಆನೆಗಳನ್ನು ಕಂಪ್ಯೂಟರ್‌ನಲ್ಲಿ ಮತ್ತೆ ಮತ್ತೆ ಕಡಿಮೆ ಮಾಡಿ ನೋಡಿದರು. ಬರೀ ಅದೃಷ್ಟದಿಂದ 18.5 ಹೋಗಿ 50.9 ಆಗುವುದು ತೀರಾ ಅಪರೂಪ ಅಂತ ಬಂತು. ಹನ್ನೊಂದು ಆನೆಗೂ ಇನ್ನೂರಕ್ಕೂ ತುಂಬಾ ವ್ಯತ್ಯಾಸ ಇದೆ. ಜೊತೆಗೆ ಅಲ್ಲಿ ಹೊಡೆದವರು ದಂತಕ್ಕೆಂದೇ ಹೊಡೆದರು ಅನ್ನುವುದಕ್ಕೆ ಇತಿಹಾಸವೂ ಇದೆ. ಎರಡೂ ಸೇರಿದ್ದಕ್ಕೇ ಆ ವಾದ ಗಟ್ಟಿಯಾಗಿದೆ.

ಕಾವಾಡಿ ಮನೆ

ನಮ್ಮ ಮನೆತನ ಆನೆ ಕೆಲಸದ್ದು. ತಾತ ಕಾವಾಡಿ, ಮಾವ ಮಾವುತ. ನಮ್ಮ ಕಡೆಯ ಆನೆ ಬಗ್ಗೆ ಮೇಷ್ಟ್ರು ಕೇಳಿದ್ದಕ್ಕೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ನಮ್ಮಲ್ಲಿ ಹೆಣ್ಣಾನೆಗೆ ದಂತ ಇರುವುದಿಲ್ಲ. ತುಟಿ ಎತ್ತಿ ನೋಡಿದರೆ ಚಿಕ್ಕ ಹಲ್ಲು ಕಾಣುತ್ತದೆ, ಅದು ಸುಲಭಕ್ಕೆ ಮುರಿದುಹೋಗುತ್ತದೆ. ಗಂಡಿನಲ್ಲಿ ಹೆಚ್ಚಿನವಕ್ಕೆ ದಂತ ಇರುತ್ತದೆ. ಇಲ್ಲದ ಗಂಡನ್ನು ಮಖ್ನಾ ಅನ್ನುತ್ತೇವೆ. ನಾಗರಹೊಳೆ, ಬಂಡೀಪುರದಲ್ಲಿ ಮಖ್ನಾ ಕಡಿಮೆ, ಆದರೆ ಇದೆ. ಹತ್ತಿರದಿಂದ ನೋಡಿದರೆ ಸೊಂಡಿಲಿನ ಬುಡ ಭಾರೀ ದಪ್ಪ, ತಲೆ ಅಗಲ. ಮಖ್ನಾ ಜೊತೆ ಹುಷಾರಾಗಿರು ಅಂತ ಮಾವ ಯಾವಾಗಲೂ ಹೇಳುತ್ತಾರೆ. ದಂತ ಇರುವ ಆನೆ ಜೊತೆ ಅದು ಜಗಳಕ್ಕೆ ನಿಂತರೆ ಸೊಂಡಿಲು, ತಲೆ, ಮೈಭಾರ ಮೂರನ್ನೂ ಬಳಸುತ್ತದೆ. ಮದ ಬಂದಾಗ ಹೆಣ್ಣಿನ ಹತ್ತಿರ ಹೋಗುವುದಕ್ಕೂ ದಂತ ಇಲ್ಲದ್ದು ಅಡ್ಡಿಯಾಗುವುದಿಲ್ಲ.

ದಂತದ ಉಪಯೋಗ ಏನು ಅಂತ ತಿಳಿಯಬೇಕಾದರೆ ಶಿಬಿರದಲ್ಲಿ ಒಂದು ಸಲಗದ ಪಕ್ಕ ನಿಂತು ನೋಡಬೇಕು. ಎರಡು ದಂತ ಒಂದೇ ಥರ ಇರುವುದಿಲ್ಲ. ನಮಗೆ ಬಲಗೈ ಎಡಗೈ ಇರುವ ಹಾಗೆ ಅವಕ್ಕೂ ಒಂದು ಕಡೆ ರೂಢಿ. ಜಾಸ್ತಿ ಬಳಸುವ ದಂತದ ತುದಿ ಸವೆದು ಮೊಂಡಾಗಿರುತ್ತದೆ. ಹುಲ್ಲಿನ ಕಟ್ಟನ್ನು ಅದರ ಮೇಲೆ ಹಾಕಿ ಎಳೆದು ಎಳೆದು ಒಂದು ಗೀರು ಬಿದ್ದಿರುತ್ತದೆ. ಬೆರಳಿಟ್ಟರೆ ನುಣ್ಣಗೆ ಸಿಗುತ್ತದೆ. ಮರದ ತೊಗಟೆ ಸುಲಿಯುವುದು, ಉಪ್ಪುಮಣ್ಣು ಕೆದಕುವುದು, ಮರದ ದಿಮ್ಮಿ ಎತ್ತುವಾಗ ಆನಿಸಿಕೊಳ್ಳುವುದು ಎಲ್ಲ ಅದರಲ್ಲೇ.

ಇನ್ನೊಂದು ವಿಷಯ. ಹಿಂದೆ ಕಾಕನಕೋಟೆಯಲ್ಲಿ ಖೆಡ್ಡಾ ಮಾಡಿ ಆನೆ ಹಿಡಿಯುತ್ತಿದ್ದರು, 1971ರದ್ದೇ ಕೊನೆ. ಖೆಡ್ಡಾದಲ್ಲಿ ಇಡೀ ಹಿಂಡನ್ನೇ ಹೊಳೆ ಕಡೆ ಅಟ್ಟಿ ಒಳಗೆ ಹಾಕುತ್ತಿದ್ದರು. ತಾಯಿ, ಮರಿ, ಸಲಗ ಎಲ್ಲ ಒಟ್ಟಿಗೆ. ಅದು ದಂತ ನೋಡಿ ಆರಿಸುವುದಲ್ಲ. ದಂತ ನೋಡಿ ಆರಿಸಿದ್ದು ಆಮೇಲೆ ಬಂದ ಕಳ್ಳಬೇಟೆಯವರು.

ಹುಣಸೂರು ಮೇಷ್ಟ್ರು

ಕಾವಾಡಿ ಮನೆಯವರೇ, ಇದನ್ನು ಹಾಗೇ ಮಕ್ಕಳಿಗೆ ಓದಿ ಹೇಳುತ್ತೇನೆ. ನಿಮ್ಮ ಕೊನೆಯ ಮಾತಿನಿಂದ ಒಂದು ಪ್ರಶ್ನೆ ಹುಟ್ಟಿತು. ವೀರಪ್ಪನ್ ಕಾಲದಲ್ಲಿ ನಮ್ಮ ಕಡೆ, ತಮಿಳುನಾಡು, ಕೇರಳದಲ್ಲಿ ದಂತದ ಗಂಡಾನೆಗಳನ್ನು ಲೆಕ್ಕವಿಲ್ಲದಷ್ಟು ಹೊಡೆದರು. ಹಾಗಿದ್ದರೆ ನಮ್ಮಲ್ಲೂ ಮಖ್ನಾಗಳೇ ತುಂಬಬೇಕಿತ್ತು. ಯಾಕೆ ಆಗಲಿಲ್ಲ?

ಕಾಡುಮಲ್ಲಿಗೆ

ಮೇಷ್ಟ್ರೇ, ಇದಕ್ಕೆ ಉತ್ತರ ಹುಡುಕಿದರೆ ನೈಸರ್ಗಿಕ ಆಯ್ಕೆಯ ಅರ್ಧ ಪಾಠ ಅಲ್ಲೇ ಸಿಗುತ್ತದೆ.

ಹೊಡೆತ ಬಿದ್ದದ್ದು ನಿಜ. ಕೇರಳದ ಪೆರಿಯಾರ್‌ನಲ್ಲಿ 1980ರ ದಶಕದ ಕೊನೆಗೆ ಬೆಳೆದ ಗಂಡಾನೆ ಒಂದಕ್ಕೆ ನೂರಕ್ಕೂ ಹೆಚ್ಚು ಹೆಣ್ಣು ಅನ್ನುವ ಸ್ಥಿತಿ ಬಂದಿತ್ತು. ಅಂದರೆ ಗಂಡೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ದಕ್ಷಿಣದ ಆನೆಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ, ಕಳ್ಳಬೇಟೆಯಿಂದ ಗಂಡು-ಹೆಣ್ಣಿನ ಲೆಕ್ಕ ತಪ್ಪಿದ್ದನ್ನು ಅವರೂ ಬರೆದಿದ್ದಾರೆ.

ಆದರೂ ಮಖ್ನಾ ಗುಣ ಆಫ್ರಿಕಾದ ಥರ ಏರುವುದಕ್ಕೆ ಇಲ್ಲಿ ದಾರಿ ಕಿರಿದು. ಆಫ್ರಿಕಾದಲ್ಲಿ ಹೆಣ್ಣಿಗೂ ದಂತ, ಹೆಣ್ಣನ್ನೂ ಹೊಡೆದರು. ನಮ್ಮಲ್ಲಿ ಹೆಣ್ಣಿಗೆ ದಂತವೇ ಇಲ್ಲದ್ದರಿಂದ ಎಲ್ಲ ಹೆಣ್ಣುಗಳೂ ಬೇಟೆಗಾರನಿಂದ ಪಾರು. ಒಂದು ಹೆಣ್ಣಿನ ಅಪ್ಪ ದೊಡ್ಡ ದಂತದ ಸಲಗ ಆಗಿದ್ದರೆ ಆ ಗುಣ ಅವಳೊಳಗೆ ಕಾಣದ ಹಾಗೆ ಕೂತಿರುತ್ತದೆ. ಅವಳು ಅದನ್ನು ಮಗನಿಗೆ ದಾಟಿಸುತ್ತಾಳೆ. ಗುಂಡು ಕಾಣುವುದನ್ನು ಮಾತ್ರ ಹೊಡೆಯುತ್ತದೆ, ಅಡಗಿರುವ ಗುಣವನ್ನು ಮುಟ್ಟುವುದಿಲ್ಲ. ಜೊತೆಗೆ ಶುರುವಿನಲ್ಲೇ ಮಖ್ನಾಗಳ ಸಂಖ್ಯೆ ಇಲ್ಲಿ ಕಡಿಮೆ ಇತ್ತು.

ಈಶಾನ್ಯ ಭಾರತದಲ್ಲಿ ಗಂಡುಗಳ ಪೈಕಿ ಸುಮಾರು ಅರ್ಧ ಮಖ್ನಾ. ಶ್ರೀಲಂಕಾದಲ್ಲಂತೂ ದಂತ ಇರುವ ಗಂಡು ಹತ್ತಕ್ಕೆ ಒಂದೂ ಸಿಗುವುದಿಲ್ಲ. ಅಲ್ಲಿ ಶತಮಾನಗಳಿಂದ ದಂತದ ಆನೆಗಳನ್ನು ಹಿಡಿದರು, ಸಾಗಿಸಿದರು, ಬ್ರಿಟಿಷರ ಕಾಲದಲ್ಲಿ ಸಾವಿರಾರು ಆನೆಗಳನ್ನು ಹೊಡೆದರು. ದ್ವೀಪ ಆದ್ದರಿಂದ ಹೊರಗಿನ ಆನೆ ಬಂದು ಸೇರುವ ಹಾಗೂ ಇಲ್ಲ. ಅಡ್ಡೋ ಕಥೆ ಓದಿದ ಮೇಲೆ ಎಲ್ಲವನ್ನೂ ಬೇಟೆಯ ತಲೆಗೆ ಕಟ್ಟುವುದಕ್ಕೆ ನಾನು ಹೋಗುವುದಿಲ್ಲ.

ಇನ್ನೊಂದು ಸೂಕ್ಷ್ಮ. ನಮ್ಮ ಮಖ್ನಾ ಗಂಡು, ಆರೋಗ್ಯವಾಗಿ ಬದುಕಿದೆ. ಗೊರೊಂಗೋಸಾದ ಜೀನ್ ಆಗಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. ಹೊರಗಿನಿಂದ ಒಂದೇ ಥರ ಕಂಡರೂ ಎರಡು ಖಂಡದಲ್ಲಿ ದಂತ ಇಲ್ಲದಾಗುವ ದಾರಿ ಬೇರೆ ಬೇರೆ.

ಮಲೆಮಹದೇಶ್ವರ ಸೀಮೆ

ನಮ್ಮ ಕಾಡಿನ ಕಡೆ ಆ ಕಾಲ ನೋಡಿದ ಹಿರಿಯರು ಇನ್ನೂ ಇದ್ದಾರೆ. ಸತ್ತ ಆನೆಯ ಮುಖ ಕೊಡಲಿಯಿಂದ ಕಡಿದಿರುತ್ತಿತ್ತು ಅಂತ ನಮ್ಮ ದೊಡ್ಡಪ್ಪ ಹೇಳುತ್ತಿದ್ದರು. ದಂತದ ಬುಡ ತಲೆಯೊಳಗೆ ಇರುತ್ತದೆ ಅಂತ ಮೇಲೆ ಓದಿದಾಗ ಆ ಮಾತು ನೆನಪಾಯಿತು. ಭಾರತದಲ್ಲಿ ದೇಶದೊಳಗಿನ ದಂತದ ವ್ಯಾಪಾರ ನಿಷೇಧವಾದದ್ದು 1986ರಲ್ಲಿ. ಆಫ್ರಿಕಾ ದಂತದ ಅಂತರರಾಷ್ಟ್ರೀಯ ವ್ಯಾಪಾರ ನಿಂತದ್ದು 1990ರಿಂದ. ಕಾನೂನು ಬಂದ ಮೇಲೂ ಕದ್ದು ಹೊಡೆಯುವುದು ಬಹಳ ವರ್ಷ ನಡೆಯಿತು. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆ ಇದ್ದವು ಅಂದರೆ ಅದು ಸುಲಭಕ್ಕೆ ಆದದ್ದಲ್ಲ. ಕಾಡು ಕಾದವರ ಶ್ರಮ ಅದರಲ್ಲಿದೆ.

ಸಾಲಿಗ್ರಾಮ ಸರಸ್ವತಿ

ದಂತ ಇಲ್ಲದಿದ್ದರೆ ಕಾಡಿಗೆ ಏನಾದರೂ ವ್ಯತ್ಯಾಸ ಆಗುತ್ತದಾ? ಕಾವಾಡಿ ಮನೆಯವರು ಹೇಳಿದ ಕೆಲಸಗಳನ್ನೆಲ್ಲ ಮಾಡುವುದಕ್ಕೆ ಆಗುವುದಿಲ್ಲವಲ್ಲ.

ಕಾಡುಮಲ್ಲಿಗೆ

ಆಗುತ್ತದೆ. ಗೊರೊಂಗೋಸಾದಲ್ಲಿ ಲದ್ದಿಯ ಡಿಎನ್‌ಎ ನೋಡಿದಾಗ ದಂತ ಇರುವವು, ಇಲ್ಲದವು ತಿನ್ನುವ ಗಿಡಗಳೇ ಬೇರೆ ಅಂತ ಕಂಡಿದೆ. ಆನೆ ತೊಗಟೆ ಸುಲಿದು, ಮರ ಬೀಳಿಸಿ ಹುಲ್ಲುಗಾವಲು ತೆರೆಯುತ್ತದೆ. ಬತ್ತಿದ ಹೊಳೆಯಲ್ಲಿ ಆನೆ ತೋಡಿದ ಗುಂಡಿಯ ನೀರನ್ನು ಬೇರೆ ಪ್ರಾಣಿಗಳೂ ಕುಡಿಯುತ್ತವೆ. ಪರಿಸರ ಆನೆಯನ್ನು ಬದಲಿಸಿತು, ಆ ಆನೆ ಈಗ ಪರಿಸರವನ್ನು ಬದಲಿಸುತ್ತದೆ.

ತೀರ್ಥಹಳ್ಳಿ ಅಡಿಕೆ

ಕೆನಡಾದ ಅಲ್ಬರ್ಟಾದಲ್ಲಿ ಬಿಗ್‌ಹಾರ್ನ್ ಕುರಿಗಳ ಕೊಂಬು ಸಣ್ಣದಾದದ್ದೂ ಇದೇ ಥರ ಅಲ್ವಾ? ದೊಡ್ಡ ಕೊಂಬಿನ ಟಗರನ್ನೇ ಶೋಕಿಗೆ ಹೊಡೆದರು. ಉಳಿದದ್ದು ಸಣ್ಣ ಕೊಂಬಿನವು. ಇಂಗ್ಲೆಂಡಿನ ಪೆಪ್ಪರ್ಡ್ ಪತಂಗದ ಕಥೆಯೂ ಸೇರಿಸಬಹುದು. ಮ್ಯಾಂಚೆಸ್ಟರ್‌ನಲ್ಲಿ 1848ರಲ್ಲಿ ಅಪರೂಪಕ್ಕೆ ಕಂಡ ಕಪ್ಪು ಪತಂಗ 1895ರ ಹೊತ್ತಿಗೆ ಶೇಕಡಾ 98. ಕಾರ್ಖಾನೆ ಹೊಗೆಯ ಮಸಿ ಹಿಡಿದ ಮರದ ಮೇಲೆ ಬಿಳಿ ಪತಂಗ ಹಕ್ಕಿಗಳ ಕಣ್ಣಿಗೆ ಬೀಳುತ್ತಿತ್ತು. 1956ರ ಶುದ್ಧ ಗಾಳಿ ಕಾನೂನು ಬಂದು ಹೊಗೆ ಕಡಿಮೆಯಾದ ಮೇಲೆ ಬಿಳಿಯವು ಮತ್ತೆ ಹೆಚ್ಚಿದವು. ಹಾಗಾದರೆ ಆನೆಯ ದಂತವೂ ಮರಳಿ ಬರುತ್ತದೆ ಅಂತ ತಿಳಿಯಬಹುದಾ?

ದಕ್ಷಿಣದ ದಾರಿ

ಬರುತ್ತದೆ, ಬೇಟೆ ನಿಂತಿದ್ದರೆ. 50.9 ಇದ್ದದ್ದು ಮುಂದಿನ ಪೀಳಿಗೆಯಲ್ಲಿ 33 ಆಗಿದೆ ಅಲ್ವಾ, ದಾರಿ ಹಿಡಿದಿದೆ. ಗುಂಡಿನ ಭಯ ಇಲ್ಲದಾಗ ದಂತ ಇಲ್ಲದ ತಾಯಿಗೆ ಲಾಭ ಏನೂ ಉಳಿಯುವುದಿಲ್ಲ, ಗಂಡು ಮರಿಗಳ ನಷ್ಟ ಮಾತ್ರ ಉಳಿಯುತ್ತದೆ. ಹಾಗಾಗಿ ಆ ಗುಣ ಇಳಿಯುತ್ತಾ ಹೋಗಬೇಕು. ಆದರೆ ಪತಂಗಕ್ಕೆ ವರ್ಷಕ್ಕೊಂದು ಪೀಳಿಗೆ. ಆನೆಗೆ ಇಪ್ಪತ್ತು ಇಪ್ಪತ್ತೈದು ವರ್ಷ. ಹದಿನೈದು ವರ್ಷದಲ್ಲಿ ಬಂದೂಕು ಮಾಡಿದ್ದನ್ನು ಸರಿಮಾಡಲು ಆ ಕಾಡಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ನೆಮ್ಮದಿ ಬೇಕು.

ಹುಣಸೂರು ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಸೋಮವಾರದ ಪಾಠ ಹೀಗೆ ಮಾಡಬೇಕು ಅಂದುಕೊಂಡಿದ್ದೇನೆ. ಪ್ರತಿ ಜೋಡಿ ಮಕ್ಕಳಿಗೆ ಎರಡು ನಾಣ್ಯ. ಒಂದು ನಾಣ್ಯ ತಾಯಿಯ ಯಾವ ಎಕ್ಸ್ ಬಂತು ಅಂತ ಹೇಳುತ್ತದೆ, ಇನ್ನೊಂದು ಮರಿ ಗಂಡೋ ಹೆಣ್ಣೋ ಅಂತ. ಚಿಮ್ಮಿ ಚಿಮ್ಮಿ ಕಪ್ಪುಹಲಗೆಯ ಮೇಲೆ ಹಿಂಡು ಬೆಳೆಸುವುದು. ಆಮೇಲೆ ದಂತ ಇರುವವನ್ನು ಅಳಿಸುತ್ತಾ ಹೋಗಿ ಮುಂದಿನ ಪೀಳಿಗೆ ಎಣಿಸುವುದು. ಒಂದು ಸಂದೇಹ ಮಾತ್ರ ಉಳಿದಿದೆ: ದಂತ ಇಲ್ಲದ ತಾಯಿಗೆ ಬದುಕಿ ಹುಟ್ಟಿದ ಗಂಡು ಮರಿಗೆ ದಂತ ಇರುತ್ತದಾ?

ಕಾಡುಮಲ್ಲಿಗೆ

ಇರುತ್ತದೆ ಮೇಷ್ಟ್ರೇ, ಎಲ್ಲಕ್ಕೂ. ಬದುಕಿ ಹುಟ್ಟಿದೆ ಅಂದರೆ ತಾಯಿಯ ಸರಿ ಇರುವ ಎಕ್ಸ್ ಸಿಕ್ಕಿದೆ ಅಂತ ಅರ್ಥ. ಸಾಧಾರಣವಾಗಿ ನಾಲ್ಕು ಗರ್ಭದಲ್ಲಿ ದಂತ ಇರುವ ಹೆಣ್ಣು ಒಂದು, ಇಲ್ಲದ ಹೆಣ್ಣು ಒಂದು, ದಂತದ ಗಂಡು ಒಂದು, ಹುಟ್ಟದೇ ಹೋದದ್ದು ಒಂದು. ನಾಣ್ಯದ ಆಟದಲ್ಲಿ ಆ ನಾಲ್ಕನೆಯದಕ್ಕೂ ಹಲಗೆಯ ಮೇಲೆ ಒಂದು ಗುರುತು ಹಾಕಿಸಿ. ಇಲ್ಲದಿದ್ದರೆ ಹೆಣ್ಣು ಮರಿಗಳೇ ಯಾಕೆ ಜಾಸ್ತಿ ಬಂದವು ಅಂತ ಮಕ್ಕಳಿಗೆ ಗೊತ್ತಾಗುವುದಿಲ್ಲ.